ಬಿಚ್ಚಿ ನೋಡಿದವರೇ ಪೆಟ್ಟಿಗೆಯ ಒಡೆಯರು

ಗಣೇಶನ ಹಬ್ಬದ ರಸಮಂಜರಿಯಲ್ಲೋ ಜಾತ್ರೆಯ ಆರ್ಕೆಸ್ಟ್ರಾದಲ್ಲೋ ಗಿಟಾರ್ ಬಾರಿಸುವವರ ಕಾಲ ಬುಡವನ್ನು ಒಮ್ಮೆ ಗಮನಿಸಿ. ಅಲ್ಲಿ ಅಂಗೈಯಗಲದ ಒಂದು ಲೋಹದ ಡಬ್ಬಿ ಇರುತ್ತದೆ. ಹಾಡಿನ ನಡುವೆ ಅವರು ಅದನ್ನು ಕಾಲಲ್ಲಿ ಒತ್ತುತ್ತಾರೆ. ಅಲ್ಲಿಯವರೆಗೆ ಮೆಲ್ಲಗೆ ಟಿಣ್ ಟಿಣ್ ಅನ್ನುತ್ತಿದ್ದ ತಂತಿ ಒಮ್ಮೆಲೇ ಗರ್ರ್ ಎಂದು ಮೇಲೇಳುತ್ತದೆ. ಆ ಡಬ್ಬಿಗೆ ಎಫೆಕ್ಟ್ ಪೆಡಲ್ ಎನ್ನುತ್ತಾರೆ.

ಈ ಡಬ್ಬಿಯನ್ನು ಅಂಗಡಿಯಿಂದ ತರದೆ ಮನೆಯಲ್ಲೇ ಕಟ್ಟಿಕೊಳ್ಳುವವರು, ತಂದದ್ದನ್ನೂ ಬಿಚ್ಚಿ ತಮಗೆ ಬೇಕಾದಂತೆ ತಿದ್ದಿಕೊಳ್ಳುವವರು ಎಷ್ಟೋ ದೇಶಗಳಲ್ಲಿ ಇದ್ದಾರೆ. ಈ ಬರಹ ಅವರ ಪರವಾಗಿ. ಜೀವನದಲ್ಲಿ ಗಿಟಾರ್ ಮುಟ್ಟದವರೂ ಇದನ್ನು ಓದಲಿ ಎಂಬುದು ನಮ್ಮ ಆಸೆ.

ನಮ್ಮ ಮಾತು ಇಷ್ಟೇ. ದುಡ್ಡು ಕೊಟ್ಟು ತಂದ ಮಾತ್ರಕ್ಕೆ ಒಂದು ವಸ್ತು ನಮ್ಮದಾಗುವುದಿಲ್ಲ. ಬಿಚ್ಚಿ ನೋಡಲು, ಕೆಟ್ಟರೆ ಸರಿ ಮಾಡಲು, ಬೇಕಾದರೆ ಬದಲಿಸಲು ಬಂದಾಗ ಅದು ನಮ್ಮದು. ಉಳುವವನೇ ಹೊಲದೊಡೆಯ ಎಂದ ನಾಡು ನಮ್ಮದು. ಆ ಮಾತು ಈಗ ಮನೆಯೊಳಗಿನ ಪೆಟ್ಟಿಗೆಗಳಿಗೂ ಸಲ್ಲಬೇಕು. ಅದನ್ನು ಹಳ್ಳಿಯ ಹುಡುಗ ಹುಡುಗಿಯರಿಗೆ ಕಲಿಸಲು ಒಂಬತ್ತು ವೋಲ್ಟಿನ ಈ ಡಬ್ಬಿಯಂಥ ಒಳ್ಳೆಯ ಪಾಠ ನಮಗೆ ಬೇರೆ ಕಂಡಿಲ್ಲ.

ಡಬ್ಬಿಯೊಳಗೆ ಏನು ನಡೆಯುತ್ತದೆ?

ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಅಯಸ್ಕಾಂತ ಇರುತ್ತದೆ. ಅದರ ಸುತ್ತ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ಅಲುಗಿದರೆ ಕೆಳಗಿನ ತಾಮ್ರದಲ್ಲಿ ಚೂರು ಕರೆಂಟು ಹುಟ್ಟುತ್ತದೆ. ಹಿಂದೆ ಸೈಕಲ್ಲಿನ ಡೈನಮೋ ದೀಪ ಉರಿಸುತ್ತಿದ್ದದ್ದೂ ಇದೇ ಲೆಕ್ಕದಲ್ಲಿ. ಆದರೆ ಗಿಟಾರಿನಿಂದ ಬರುವುದು ಬಹಳ ಕಡಿಮೆ. ಒಂದು ವೋಲ್ಟಿನ ಹತ್ತನೇ ಒಂದು ಪಾಲು, ಜೋರಾಗಿ ಮೀಟಿದರೆ ಅದಕ್ಕಿಂತ ಸ್ವಲ್ಪ ಹೆಚ್ಚು.

ಪೆಡಲ್ಲಿನ ಒಳಗಿರುವ ಟ್ರಾನ್ಸಿಸ್ಟರ್ ಈ ಚೂರು ಅಲೆಯನ್ನು ಹತ್ತಾರು, ನೂರಾರು ಪಟ್ಟು ದೊಡ್ಡದು ಮಾಡಲು ನೋಡುತ್ತದೆ. ಆದರೆ ಅದಕ್ಕೆ ಸಿಕ್ಕಿರುವುದು ಒಂಬತ್ತು ವೋಲ್ಟಿನ ಬ್ಯಾಟರಿ. ಅದಕ್ಕಿಂತ ಎತ್ತರಕ್ಕೆ ಅಲೆ ಏಳಲಾರದು. ಮೇಲೆ ಹೇರಿದ ಹುಲ್ಲಿನ ಗಾಡಿಯನ್ನು ತಗ್ಗು ಬಾಗಿಲಲ್ಲಿ ನುಗ್ಗಿಸಿದರೆ ಏನಾಗುತ್ತದೆ? ಬಾಗಿಲಿನಷ್ಟೇ ಎತ್ತರದ ಹುಲ್ಲು ಒಳಗೆ ಬರುತ್ತದೆ, ಮೇಲಿನದು ಆಚೆಯೇ ಬೀಳುತ್ತದೆ. ಹಾಗೆಯೇ ಅಲೆಯ ನೆತ್ತಿ ಸವರಿ ಹೋಗುತ್ತದೆ. ದುಂಡಗಿದ್ದ ಅಲೆ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಅಲೆಯಲ್ಲಿ ಮೂಲ ಸ್ವರದ ಜೊತೆಗೆ ಅದರ ಮೇಲಿನ ಸ್ವರಗಳೂ ಹುಟ್ಟುತ್ತವೆ. ನಮ್ಮ ಕಿವಿಗೆ ಅದು ಒರಟಾಗಿ, ತುಂಬಿಕೊಂಡಂತೆ ಕೇಳಿಸುತ್ತದೆ. ಇದೇ ಫಜ್, ಇದೇ ಡಿಸ್ಟಾರ್ಶನ್.

ಇದೇನು ಪರದೇಶದ ಹುಚ್ಚು ಎಂದುಕೊಳ್ಳಬೇಡಿ. ತಂಬೂರಿಯಲ್ಲಿ ತಂತಿಯ ಕೆಳಗೆ, ಕುದುರೆಯ ಮೇಲೆ ಒಂದು ದಾರದ ಎಳೆ ಇಡುವುದನ್ನು ನೋಡಿದ್ದೀರಲ್ಲ. ದಾರ ಸರಿಯಾದ ಜಾಗಕ್ಕೆ ಬಂದರೆ ತಂತಿ ಝೇಂಕರಿಸುತ್ತದೆ, ಇಲ್ಲದಿದ್ದರೆ ಬರೀ ಟಣ್ ಅನ್ನುತ್ತದೆ. ಆ ಝೇಂಕಾರಕ್ಕೆ ಹಿಂದುಸ್ತಾನಿಯವರು ಜವಾರಿ ಎನ್ನುತ್ತಾರೆ. ಶುದ್ಧ ಸ್ವರವನ್ನು ಬೇಕೆಂದೇ ಸ್ವಲ್ಪ ಕದಡಿ ಅದಕ್ಕೆ ಜೀವ ತುಂಬುವುದು ನಮಗೆ ಹೊಸದಲ್ಲ. ನಾವು ಅದನ್ನು ಒಂದು ಎಳೆ ದಾರದಲ್ಲಿ ಮಾಡಿದೆವು, ಅವರು ಟ್ರಾನ್ಸಿಸ್ಟರಿನಲ್ಲಿ ಮಾಡಿದರು.

ಕೆಟ್ಟು ಹೋದದ್ದರಿಂದ ಬಂದ ಸದ್ದು

ಈ ಡಬ್ಬಿಯ ಕಥೆ ಶುರುವಾದದ್ದು ಯಾವುದೋ ದೊಡ್ಡ ಪ್ರಯೋಗಶಾಲೆಯಲ್ಲಲ್ಲ. ಕೆಟ್ಟ ಸಾಮಾನಿನಿಂದ.

1958ರಲ್ಲಿ ಅಮೆರಿಕದ ಲಿಂಕ್ ರೇ ಎಂಬ ಗಿಟಾರ್ ವಾದಕ ತನ್ನ ಸ್ಪೀಕರಿನ ಕಾಗದಕ್ಕೆ ಪೆನ್ಸಿಲಿನಲ್ಲಿ ತೂತು ಮಾಡಿ ಒರಟು ಸದ್ದು ಹೊರಡಿಸಿದ. 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಸ್ಪೀಕರನ್ನು ಬ್ಲೇಡಿನಲ್ಲಿ ಕೊಯ್ದು ಅದೇ ಕೆಲಸ ಮಾಡಿದ. ಇವರಿಬ್ಬರ ನಡುವೆ ನಡೆದ ಇನ್ನೊಂದು ಘಟನೆಯಿಂದಲೇ ಪೆಡಲ್ ಹುಟ್ಟಿದ್ದು. ಅಮೆರಿಕದ ನ್ಯಾಶ್‌ವಿಲ್ ಊರಿನಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕನ ಹಾಡಿನ ರೆಕಾರ್ಡಿಂಗ್ ನಡೆಯುತ್ತಿದ್ದಾಗ ಮಿಕ್ಸರಿನ ಒಂದು ಚಾನಲ್ ಕೆಟ್ಟಿತು. ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಬಾಸ್ ಗಿಟಾರ್ ಗೊರಗೊರ ಎಂದು ದಾಖಲಾಯಿತು. ಅದನ್ನು ಅಳಿಸದೆ ಹಾಗೇ ಉಳಿಸಿಕೊಂಡರು. 1961ರಲ್ಲಿ ಬಂದ ಆ ಹಾಡು ಜನರಿಗೆ ಹಿಡಿಸಿತು.

ಅಲ್ಲಿದ್ದ ಸೌಂಡ್ ಎಂಜಿನಿಯರ್ ಗ್ಲೆನ್ ಸ್ನಾಡಿ ಒಂದು ಪ್ರಶ್ನೆ ಕೇಳಿಕೊಂಡರು. ಚಾನಲ್ ಕೆಟ್ಟು ಬಂದ ಈ ಸದ್ದನ್ನು ಬೇಕಾದಾಗ ಬರಿಸುವುದು ಹೇಗೆ? ಮೂರು ಟ್ರಾನ್ಸಿಸ್ಟರ್ ಇರುವ ಒಂದು ಡಬ್ಬಿ ಮಾಡಿದರು. ಗಿಬ್ಸನ್ ಕಂಪನಿ ಅದನ್ನು ಮೇಸ್ಟ್ರೋ ಫಜ್ ಟೋನ್ ಎಂಬ ಹೆಸರಿನಲ್ಲಿ 1962ರಲ್ಲಿ ಮಾರುಕಟ್ಟೆಗೆ ತಂದಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಒಂದು ಹಾಡಿನಲ್ಲಿ ಅದನ್ನು ಬಳಸಿದ ಮೇಲೆ ಅಂಗಡಿಗಳಲ್ಲಿದ್ದ ಡಬ್ಬಿಗಳೆಲ್ಲ ಖಾಲಿಯಾದವು.

ಕೆಟ್ಟ ಚಾನಲ್ ಎಷ್ಟೋ ಜನರಿಗೆ ಸಿಕ್ಕಿರುತ್ತದೆ. ಅದು ಯಾಕೆ ಹೀಗೆ ಸದ್ದು ಮಾಡುತ್ತಿದೆ ಎಂದು ಕೇಳಿ, ಒಳಗೆ ಕೈ ಹಾಕಿ ನೋಡಬಲ್ಲವರು ಅಲ್ಲಿ ಇದ್ದರು. ಅಂಥವರು ಇಲ್ಲದ ಕಡೆ ಕೆಟ್ಟದ್ದು ಗುಜರಿಗೆ ಹೋಗುತ್ತದೆ, ಅಷ್ಟೆ.

ಹನ್ನೊಂದು ಬಿಡಿಭಾಗ, ಜಾಲಹಳ್ಳಿಯ ನೆನಪು

1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ಫಜ್ ಫೇಸ್ ಎಂಬ ದುಂಡನೆಯ ಪೆಡಲ್ ಮಾಡಿತು. ಜಿಮಿ ಹೆಂಡ್ರಿಕ್ಸ್ ಬಳಸಿ ಹೆಸರು ತಂದುಕೊಟ್ಟ ಡಬ್ಬಿ ಇದು. ಇದರೊಳಗೆ ಏನೇನಿದೆ ಎಂದು ಎಣಿಸೋಣ. ಟ್ರಾನ್ಸಿಸ್ಟರ್ ಎರಡು. ರೆಸಿಸ್ಟರ್ ನಾಲ್ಕು. ಕೆಪಾಸಿಟರ್ ಮೂರು. ತಿರುಗಿಸುವ ವಾಲ್ಯೂಮ್ ಕಂಟ್ರೋಲಿನಂಥವು ಎರಡು. ಒಟ್ಟು ಹನ್ನೊಂದು. ಇದರ ಮೇಲೆ ಒಂದು ಸ್ವಿಚ್ಚು, ವೈರು ಚುಚ್ಚಲು ಎರಡು ಜಾಕು, ಒಂದು ಬ್ಯಾಟರಿ. ಮುಗಿಯಿತು.

ರೇಡಿಯೋ ರಿಪೇರಿ ಮಾಡಿದವರು ಇದನ್ನು ನೋಡಿದರೆ ನಕ್ಕಾರು. ಒಂದು ಸಾಧಾರಣ ಟ್ರಾನ್ಸಿಸ್ಟರ್ ರೇಡಿಯೋದಲ್ಲಿ ಇದರ ಹಲವು ಪಟ್ಟು ಬಿಡಿಭಾಗ ಇರುತ್ತವೆ.

ಇಲ್ಲಿ ನಮಗೆ ಹತ್ತಿರದ ಒಂದು ವಿಷಯ ಇದೆ. ಹಳೆಯ ಫಜ್ ಪೆಡಲ್ಲುಗಳಲ್ಲಿ ಇದ್ದದ್ದು ಜರ್ಮೇನಿಯಂ ಎಂಬ ಧಾತುವಿನಿಂದ ಮಾಡಿದ ಟ್ರಾನ್ಸಿಸ್ಟರ್. ಆಮೇಲೆ ಸಿಲಿಕಾನ್ ಬಂದು ಜರ್ಮೇನಿಯಂ ಮೂಲೆಗೆ ಸರಿಯಿತು. ಆದರೆ ಪೆಡಲ್ ಕಟ್ಟುವವರು ಇವತ್ತಿಗೂ ಹಳೆಯ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ಹುಡುಕಿಕೊಂಡು ಅಲೆಯುತ್ತಾರೆ. ಅದರ ಸದ್ದು ಮೆದು ಎಂಬುದು ಅವರ ಅಭಿಪ್ರಾಯ. ಅಂಥ ಜರ್ಮೇನಿಯಂ ಸಾಮಾನುಗಳನ್ನು ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲೇ ಮಾಡುತ್ತಿದ್ದರು. ಸರ್ಕಾರಿ ಸ್ವಾಮ್ಯದ ಬಿಇಎಲ್ 1962ರಲ್ಲಿ ಅವುಗಳ ತಯಾರಿಕೆ ಶುರು ಮಾಡಿತು. ಅತ್ತ ಮೇಸ್ಟ್ರೋ ಪೆಡಲ್ ಮಾರುಕಟ್ಟೆಗೆ ಬಂದದ್ದೂ ಅದೇ ವರ್ಷ. ಸಾಮಾನು ನಮ್ಮಲ್ಲೂ ಇತ್ತು, ಅದನ್ನು ಬೆಸೆಯಬಲ್ಲ ಕೈಗಳೂ ಇದ್ದವು. ಊರೂರಿನ ರೇಡಿಯೋ ರಿಪೇರಿಯವರು, ಮೈಕ್ ಸೆಟ್ಟಿನವರು ತಾವೇ ಆಂಪ್ಲಿಫೈಯರ್ ಕಟ್ಟುತ್ತಿದ್ದರು. ಈಗ ಹೋಬಳಿ ಊರಿನಲ್ಲಿ ಒಂದು ರೇಡಿಯೋ ರಿಪೇರಿ ಅಂಗಡಿ ಹುಡುಕಿ ನೋಡಿ. ಬೋರ್ಡು ಇದ್ದರೂ ಒಳಗೆ ಮೊಬೈಲ್ ಕವರು, ರೀಚಾರ್ಜು. ಆ ಕೈಗಳು ಕಲಿತದ್ದನ್ನು ಮುಂದಿನವರಿಗೆ ಕೊಡುವ ದಾರಿಯನ್ನೇ ನಾವು ಮುಚ್ಚಿಬಿಟ್ಟೆವು.

ಈಗ ಕಲಿಯುವವರು ಜರ್ಮೇನಿಯಂ ಹುಡುಕಿಕೊಂಡು ಹೋಗಬೇಕಿಲ್ಲ. ಅದು ದುಬಾರಿ, ಒಂದರಂತೆ ಇನ್ನೊಂದು ಇರುವುದಿಲ್ಲ, ಬಿಸಿಲಿಗೆ ಇಟ್ಟರೆ ಸದ್ದೇ ಬದಲಾಗುತ್ತದೆ. ಬಿಸಿ 547 ಎಂಬ ಸಿಲಿಕಾನ್ ಟ್ರಾನ್ಸಿಸ್ಟರ್ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ಒಂದೆರಡು ರೆಸಿಸ್ಟರಿನ ಅಳತೆ ಹೊಂದಿಸಿಕೊಂಡರೆ ಅದರಲ್ಲೇ ಫಜ್ ಕಟ್ಟಬಹುದು.

ತಿದ್ದುವುದೂ ಒಂದು ಓದು

ಹೊಸದಾಗಿ ಕಟ್ಟುವುದಕ್ಕಿಂತ ಇದ್ದದ್ದನ್ನು ತಿದ್ದುವುದರಲ್ಲಿ ಕಲಿಕೆ ಇನ್ನೂ ಹೆಚ್ಚು. ಹೆಂಡ್ರಿಕ್ಸ್‌ಗೆ ಪೆಡಲ್ಲುಗಳನ್ನು ತಿದ್ದಿ ಕೊಡುತ್ತಿದ್ದವರು ರೋಜರ್ ಮೇಯರ್, ಅದಕ್ಕೂ ಮೊದಲು ಬ್ರಿಟಿಷ್ ನೌಕಾಪಡೆಯ ಇಲಾಖೆಯಲ್ಲಿ ಸದ್ದು ಮತ್ತು ಕಂಪನದ ಕೆಲಸ ಮಾಡಿದವರು. ಅವರೇ ಮಾಡಿದ ಆಕ್ಟೇವಿಯಾ ಎಂಬ ಡಬ್ಬಿಯ ಸದ್ದು 1967ರ ಪರ್ಪಲ್ ಹೇಜ್ ಹಾಡಿನಲ್ಲಿ ಇದೆ.

ನಮಗೆ ಇನ್ನೂ ಹತ್ತಿರದ ಉದಾಹರಣೆ ಟ್ಯೂಬ್ ಸ್ಕ್ರೀಮರ್. ಇಬಾನೆಜ್ ಹೆಸರಿನಲ್ಲಿ 1970ರ ದಶಕದ ಕೊನೆಗೆ ಜಪಾನಿನಿಂದ ಬಂದ ಹಸಿರು ಪೆಡಲ್ ಇದು. ಅದರ ಹೃದಯ 4558 ಎಂಬ ಎಂಟು ಕಾಲಿನ ಚಿಪ್ಪು. ಹೆಸರು ಕೇಳಿದಂತಿದೆಯೇ? ನಮ್ಮ ಪೇಟೆಗಳಲ್ಲಿ ಲೋಕಲ್ ಆಂಪ್ಲಿಫೈಯರ್ ಕಟ್ಟುವವರು ಹಾಕುವ ಬಾಸ್-ಟ್ರೆಬಲ್ ಬೋರ್ಡಿನಲ್ಲಿ ಇರುವುದೂ ಬಹುಮಟ್ಟಿಗೆ ಇದೇ 4558. ಗಿಟಾರಿನವರು ಕೊಂಡಾಡುವ ಚಿಪ್ಪು ನಮ್ಮ ಆರ್ಕೆಸ್ಟ್ರಾ ಸೆಟ್ಟಿನೊಳಗೆ, ಮನೆಯ ಹೋಮ್ ಥಿಯೇಟರಿನೊಳಗೆ ಮೊದಲೇ ಕೂತಿದೆ.

ಆ ಪೆಡಲ್ಲಿನಲ್ಲಿ ಅಲೆಯ ನೆತ್ತಿ ಸವರುವ ಕೆಲಸವನ್ನು ಎರಡು ಡಯೋಡು ಮಾಡುತ್ತವೆ. ಅವನ್ನು ತೆಗೆದು ಎರಡು ಎಲ್ಇಡಿ ಹಾಕಿದರೆ ಬಾಗಿಲು ಎತ್ತರವಾದಂತೆ. ಸದ್ದು ಇನ್ನಷ್ಟು ಬಿಚ್ಚಿಕೊಳ್ಳುತ್ತದೆ, ಜೋರೂ ಆಗುತ್ತದೆ. 0.047 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್ ಇದೆ. ಅದನ್ನು 0.1 ಮಾಡಿದರೆ ತಗ್ಗು ಸ್ವರ ಹೆಚ್ಚು ತುಂಬಿಕೊಳ್ಳುತ್ತದೆ. ಹಳೆಯ ಟಿಎಸ್ 808 ಮಾದರಿಗೂ ಆಮೇಲಿನ ಟಿಎಸ್ 9 ಮಾದರಿಗೂ ಸರ್ಕ್ಯೂಟಿನಲ್ಲಿ ಇರುವ ಮುಖ್ಯ ವ್ಯತ್ಯಾಸ ಕೊನೆಯಲ್ಲಿರುವ ಎರಡು ರೆಸಿಸ್ಟರ್ ಮಾತ್ರ. ಹಳೆಯದಕ್ಕೆ ಸಾವಿರಾರು ರೂಪಾಯಿ ಹೆಚ್ಚು ಕೊಡುವವರಿದ್ದಾರೆ. ಗೊತ್ತಿದ್ದವರು ಒಂದೆರಡು ರೂಪಾಯಿಯ ರೆಸಿಸ್ಟರ್ ಬದಲಿಸಿಕೊಂಡು ಸುಮ್ಮನಾಗುತ್ತಾರೆ.

ಒಂದನ್ನು ಬದಲಿಸಿ ಕೇಳುವುದು, ಮತ್ತೆ ಬದಲಿಸಿ ಕೇಳುವುದು. ಪಠ್ಯಪುಸ್ತಕದಲ್ಲಿ ಕೆಪಾಸಿಟರ್ ಅಂದರೆ ಎರಡು ಗೆರೆ, ಒಂದು ಸೂತ್ರ. ಇಲ್ಲಿ ಕಿವಿಗೆ ಕೇಳಿಸುತ್ತದೆ. ಕಿವಿಯಲ್ಲಿ ಕಲಿತದ್ದು ಪರೀಕ್ಷೆ ಮುಗಿದ ಮೇಲೂ ಉಳಿಯುತ್ತದೆ.

ಅಂಟು ಸುರಿದ ಪೆಟ್ಟಿಗೆ

ಇದಕ್ಕೆ ವಿರುದ್ಧದ ಕಥೆಯೂ ಇದೆ. 1994ರಲ್ಲಿ ಅಮೆರಿಕದ ಬಿಲ್ ಫಿನೆಗನ್ ಎಂಬವರು ಕ್ಲಾನ್ ಸೆಂಟಾರ್ ಎಂಬ ಪೆಡಲ್ ತಂದರು. ಬೇರೆಯವರು ನಕಲು ಮಾಡಬಾರದೆಂದು ಒಳಗಿನ ಬೋರ್ಡಿನ ಮೇಲೆ ಎಂ-ಸೀಲ್ ಥರದ ಗಟ್ಟಿ ಅಂಟು ಸುರಿದರು. ಬಿಡಿಭಾಗಗಳ ಮೇಲಿನ ನಂಬರ್ ಯಾರಿಗೂ ಕಾಣದಂತಾಯಿತು. ಮಾಡಿದ್ದು ಸುಮಾರು 8,000 ಮಾತ್ರ. ಈಗ ಅದರ ಸೆಕೆಂಡ್ ಹ್ಯಾಂಡ್ ದರ ಲಕ್ಷಗಳ ಲೆಕ್ಕದಲ್ಲಿದೆ. ಆದರೂ ಹಟ ಹಿಡಿದ ಹವ್ಯಾಸಿಗಳು ಅಂಟು ಕೆರೆದು, ಒಂದೊಂದೇ ಭಾಗ ಅಳೆದು, ನಕ್ಷೆ ಬರೆದು ಎಲ್ಲರಿಗೂ ಹಂಚಿದರು. ಈಗ ಅದೇ ಬಗೆಯ ಪೆಡಲ್ಲನ್ನು ಯಾರು ಬೇಕಾದರೂ ಮನೆಯಲ್ಲಿ ಕಟ್ಟಬಹುದು.

ಇದು ಕಳ್ಳತನವಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಒಂದು ವಸ್ತು ಮಾಡಿದವರ ಬೆವರಿಗೆ ಬೆಲೆ ಇಲ್ಲವೇ?

ಇದೆ. ಆದರೆ ಗೆರೆ ಎಲ್ಲಿ ಎಳೆಯಬೇಕು ಎಂಬುದನ್ನು ನಮ್ಮ ರೈತರ ಕಾನೂನೇ ಹೇಳಿಕೊಟ್ಟಿದೆ. 2001ರ ಸಸ್ಯ ತಳಿಗಳ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ, ಯಾರೋ ನೋಂದಾಯಿಸಿದ ತಳಿಯಾದರೂ ಅದರ ಬೀಜವನ್ನು ರೈತ ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ನೆರೆಯವರಿಗೆ ಕೊಡಬಹುದು, ಮಾರಲೂಬಹುದು. ಆ ಕಂಪನಿಯ ಬ್ರ್ಯಾಂಡ್ ಹೆಸರು ಹಾಕಿ ಪ್ಯಾಕೆಟ್ ಮಾಡಿ ಮಾರುವಂತಿಲ್ಲ, ಅಷ್ಟೆ. ಪೆಡಲ್ಲಿಗೂ ಇದೇ ಗೆರೆ ಇರಲಿ ಎನ್ನುತ್ತೇವೆ. ಸರ್ಕ್ಯೂಟು ಕಲಿಯಲು, ಕಟ್ಟಲು, ತಿದ್ದಲು ಎಲ್ಲರಿಗೂ ಸಿಗಲಿ. ಇನ್ನೊಬ್ಬರ ಹೆಸರು, ಇನ್ನೊಬ್ಬರ ರೂಪ ಹಾಕಿ ಮಾರಿದರೆ ಅದು ಮೋಸ. 2024ರಲ್ಲಿ ಕ್ಲಾನ್‌ನವರು ಒಂದು ದೊಡ್ಡ ಕಂಪನಿಯ ಮೇಲೆ ಹೂಡಿದ ದಾವೆಯೂ ಹೆಸರು ಮತ್ತು ರೂಪದ ಮೇಲೆಯೇ ನಿಂತಿತ್ತು.

ಅಂಟು ಸುರಿಯುವವರಿಗೆ ಎದುರಾಗಿ ಬಿಚ್ಚಿ ಹೇಳಿದವರೂ ಇದ್ದಾರೆ. 1975ರಲ್ಲಿ ಕ್ರೇಗ್ ಆಂಡರ್ಟನ್ ಎಂಬ ಅಮೆರಿಕದ ಲೇಖಕ ಸಂಗೀತಗಾರರೇ ಮನೆಯಲ್ಲಿ ಕಟ್ಟಬಹುದಾದ ಎಲೆಕ್ಟ್ರಾನಿಕ್ ಸಾಮಾನುಗಳ ಬಗ್ಗೆ ನಕ್ಷೆಸಮೇತ ಪುಸ್ತಕ ಬರೆದರು. ಅದನ್ನು ಓದಿ ಸೋಲ್ಡರ್ ಹಿಡಿದವರು ಬಹಳ ಮಂದಿ. ಕನ್ನಡದಲ್ಲಿ ಅಂಥ ಕೈಪಿಡಿಗಳು ಊರೂರಿನ ಗ್ರಂಥಾಲಯದಲ್ಲಿ ಸಿಗುವಷ್ಟು ಬರಬೇಕು.

ನಮ್ಮ ಊರಿಗೆ ಇದರಿಂದ ಏನು?

ಗಿಟಾರ್ ಬಾರಿಸುವವರು ನಮ್ಮ ಊರಲ್ಲಿ ಎಷ್ಟು ಜನ ಎಂದು ನಗಬಹುದು. ಆದರೆ ಇದೇ ವಿದ್ಯೆ ತಂಬೂರಿಗೂ ಏಕತಾರಿಗೂ ಚೌಡಿಕೆಗೂ ಆಗುತ್ತದೆ. ಪೀಜೋ ಡಿಸ್ಕ್ ಎಂಬ ತೆಳು ಬಿಲ್ಲೆ ಇದೆ, ಬಜರಿನ ಒಳಗೆ ಇರುತ್ತದಲ್ಲ, ಅದೇ. ಅದನ್ನು ವಾದ್ಯದ ಬುರುಡೆಗೆ ಅಂಟಿಸಿದರೆ ಅದೇ ಮೈಕಾಗುತ್ತದೆ. ನೇರವಾಗಿ ಮೈಕ್ ಸೆಟ್ಟಿಗೆ ಚುಚ್ಚಿದರೆ ಸದ್ದು ತೆಳುವಾಗಿ, ತಗಡು ಬಡಿದಂತೆ ಬರುತ್ತದೆ. ನಡುವೆ ಒಂದು ಎಫ್ಇಟಿ ಟ್ರಾನ್ಸಿಸ್ಟರಿನ ಬಫರ್ ಹಾಕಿದರೆ ವಾದ್ಯದ ತುಂಬು ಸದ್ದು ಬರುತ್ತದೆ. ಪೆಡಲ್ ಕಟ್ಟುವವರ ಮೊದಮೊದಲ ಪಾಠಗಳಲ್ಲಿ ಇದೂ ಒಂದು. ತಂಬೂರಿ ಪದ ಹಾಡುವವರು ಮೈಕಿಗೆ ವಾದ್ಯ ಹಿಡಿದು ಕತ್ತು ಬಗ್ಗಿಸಿ ಕೂರುವ ಕಷ್ಟ ತಪ್ಪುತ್ತದೆ.

ಇದಕ್ಕಿಂತ ದೊಡ್ಡದು ತಪ್ಪು ಹುಡುಕುವ ಕಲೆ. ಕಟ್ಟಿದ ಪೆಡಲ್ ಮೊದಲ ಸಲಕ್ಕೇ ಮಾತಾಡುವುದು ಅಪರೂಪ. ಆಗ ಕಟ್ಟಿದವರು ಒಂದು ವೈರಿನ ತುದಿಗೆ ಕೆಪಾಸಿಟರ್ ಬೆಸೆದು, ಇನ್ನೊಂದು ತುದಿಯನ್ನು ಆಂಪ್ಲಿಫೈಯರಿಗೆ ಕೊಟ್ಟು, ಸರ್ಕ್ಯೂಟಿನ ಉದ್ದಕ್ಕೂ ಮುಟ್ಟುತ್ತಾ ಹೋಗುತ್ತಾರೆ. ಇಲ್ಲಿ ಸದ್ದಿದೆ, ಇಲ್ಲೂ ಇದೆ, ಇಲ್ಲಿ ಇಲ್ಲ. ಹಾಗಾದರೆ ತಪ್ಪು ಈ ಎರಡರ ನಡುವೆ. ನೀರು ಬರದಿದ್ದರೆ ಟ್ಯಾಂಕಿನಿಂದ ನಲ್ಲಿಯವರೆಗೆ ಪೈಪಿನ ಜೊತೆಗೇ ನಡೆದು ಎಲ್ಲಿ ಒಡೆದಿದೆ ಎಂದು ನೋಡುತ್ತೇವಲ್ಲ, ಹಾಗೆ.

ಈ ಅಭ್ಯಾಸ ಬಂದವರಿಗೆ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್ ಕೆಟ್ಟರೆ ಭಯವಿಲ್ಲ. ಅದರೊಳಗೂ ಇರುವುದು ಬ್ಯಾಟರಿ, ಸ್ವಿಚ್ಚು, ಸಣ್ಣ ಮೋಟರು, ನಾಲ್ಕು ವೈರು. ಮೀಟರ್ ಹಿಡಿದು ಬ್ಯಾಟರಿಯಿಂದ ಮೋಟರಿನವರೆಗೆ ನೋಡುತ್ತಾ ಬಂದರೆ ಎಷ್ಟೋ ಸಲ ಸಿಗುವುದು ಬಿಟ್ಟುಹೋದ ಒಂದು ವೈರು. ಅಷ್ಟಕ್ಕೆ ಬೆಳೆಗೆ ಹುಳ ಬಿದ್ದ ವಾರದಲ್ಲಿ ಸ್ಪ್ರೇಯರ್ ಹೊತ್ತುಕೊಂಡು ತಾಲ್ಲೂಕು ಕೇಂದ್ರಕ್ಕೆ ಹೋಗಿ, ಎರಡು ದಿನ ಬಿಟ್ಟು ಬನ್ನಿ ಎಂದು ಹೇಳಿಸಿಕೊಂಡು ಬರುವವರು ನಮ್ಮಲ್ಲಿ ಕಡಿಮೆಯೇ?

ಇನ್ನೂ ಒಂದು ಮಾತು ಹೇಳದೆ ವಿಧಿಯಿಲ್ಲ. ನಮ್ಮ ಸಮಾಜದಲ್ಲಿ ಕೈ ಕೆಲಸ ಅಂದರೆ ಕೀಳು, ಕುರ್ಚಿ ಕೆಲಸ ಅಂದರೆ ಮೇಲು ಎಂಬ ಹಳೆಯ ರೋಗ ಇದೆ. ಆ ರೋಗಕ್ಕೆ ಜಾತಿಯ ಬೇರು ಇದೆ. ಹೆಣ್ಣುಮಕ್ಕಳ ಕೈಗೆ ಸೂಜಿ ಕೊಡುತ್ತೇವೆ, ಸೋಲ್ಡರ್ ಕೊಡುವುದಿಲ್ಲ. ಓದಿದವರು ಕೈ ಮಸಿ ಮಾಡಿಕೊಳ್ಳುವುದಿಲ್ಲ, ಕೈ ಮಸಿಯಾದವರಿಗೆ ಓದು ಸಿಗಲಿಲ್ಲ. ಪೆಡಲ್ ಕಟ್ಟಲು ಎರಡೂ ಬೇಕು. ಲೆಕ್ಕ ಹಾಕುವ ತಲೆ, ಬೆಸೆಯುವ ಕೈ, ಕೇಳುವ ಕಿವಿ ಮೂರೂ ಒಬ್ಬರಲ್ಲೇ ಇರಬೇಕು. ಅದಕ್ಕೂ ನಮಗೆ ಈ ಡಬ್ಬಿಯ ಮೇಲೆ ಪ್ರೀತಿ.

ಮೂರು ಆಕ್ಷೇಪಗಳು

ಮೊದಲನೆಯದು, ಇದೆಲ್ಲ ಮೊಬೈಲಿನಲ್ಲೇ ಆಗುತ್ತದಲ್ಲ? ಆಗುತ್ತದೆ. ಫಜ್, ಎಕೋ, ರಿವರ್ಬ್ ಎಲ್ಲ ಸದ್ದೂ ಆ್ಯಪ್‌ನಲ್ಲಿ ಬರುತ್ತವೆ. ಬಳಸುವವರು ಬಳಸಲಿ. ಆದರೆ ಆ್ಯಪ್ ಬಳಸಿ ಆ್ಯಪ್ ಬಳಸುವುದನ್ನಷ್ಟೇ ಕಲಿಯುತ್ತೇವೆ. ನಮ್ಮ ಕೈಯಲ್ಲಿರುವ ಫೋನೇ ಎಲ್ಲಕ್ಕಿಂತ ಭದ್ರವಾಗಿ ಅಂಟು ಹಾಕಿದ ಪೆಟ್ಟಿಗೆ. ಬಿಚ್ಚಲು ಬರುವ ಒಂದಾದರೂ ಪೆಟ್ಟಿಗೆ ಮನೆಯಲ್ಲಿ ಇರಲಿ.

ಎರಡನೆಯದು, ಚೀನಾದ ಪೆಡಲ್ ಇದಕ್ಕಿಂತ ಅಗ್ಗಕ್ಕೆ ಸಿಗುತ್ತದೆ. ನಿಜ. ರೆಸಿಸ್ಟರ್, ಕೆಪಾಸಿಟರ್ ಅಗ್ಗ, ಆದರೆ ಕಾಲಲ್ಲಿ ಒತ್ತುವ ಗಟ್ಟಿ ಸ್ವಿಚ್ಚು, ಅಲ್ಯೂಮಿನಿಯಂ ಡಬ್ಬಿ ದುಬಾರಿ. ಸೋಲ್ಡರಿಂಗ್ ಐರನ್, ಮೀಟರ್ ಹೊಸದಾಗಿ ಕೊಂಡರೆ ಮೊದಲ ಪೆಡಲ್ಲಿಗೆ ಲಾಭವೇ ಇಲ್ಲ. ಆದರೆ ಡಬ್ಬಿಗೆ ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ ಸಾಕು. ಲೋಹವಾದ್ದರಿಂದ ಕರೆಂಟಿನ ಗುಂಯ್ ಸದ್ದನ್ನೂ ತಡೆಯುತ್ತದೆ. ಹತ್ತು ಮಂದಿ ಸೇರಿ ಒಂದು ಐರನ್, ಒಂದು ಮೀಟರ್ ಕೊಂಡರೆ ತಲೆಗೆ ಬೀಳುವ ಖರ್ಚು ಕಡಿಮೆ. ನಾವು ಕೊಳ್ಳುತ್ತಿರುವುದು ಪೆಡಲ್ ಅಲ್ಲ, ವಿದ್ಯೆ.

ಮೂರನೆಯದು, ಅಪಾಯ. ಇದನ್ನು ಸ್ಪಷ್ಟವಾಗಿ ಹೇಳುತ್ತೇವೆ. ಒಂಬತ್ತು ವೋಲ್ಟಿನ ಬ್ಯಾಟರಿಯ ಸರ್ಕ್ಯೂಟನ್ನು ಕೈಯಲ್ಲಿ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಪ್ಲಸ್ಸು ಮೈನಸ್ಸು ಅದಲುಬದಲಾದರೆ ಟ್ರಾನ್ಸಿಸ್ಟರ್ ಸುಡಬಹುದು, ಅಷ್ಟೆ. ಆದರೆ ಗೋಡೆಯ 230 ವೋಲ್ಟಿಗೆ ಚುಚ್ಚುವ ಯಾವುದನ್ನೂ ಕಲಿಯುವವರು ಬಿಚ್ಚಬಾರದು. ಹಳೆಯ ವಾಲ್ವ್ ರೇಡಿಯೋ, ವಾಲ್ವ್ ಆಂಪ್ಲಿಫೈಯರ್, ಹಳೆಯ ಟಿವಿಗಳ ಕೆಪಾಸಿಟರಿನಲ್ಲಿ ವೈರು ಕಿತ್ತ ಮೇಲೂ ಕೊಲ್ಲುವಷ್ಟು ಕರೆಂಟು ಉಳಿದಿರಬಹುದು. ಫೋನಿನ ಲಿಥಿಯಂ ಬ್ಯಾಟರಿಗೂ ಕೈ ಹಾಕಬೇಡಿ. ಸೋಲ್ಡರಿನ ಹೊಗೆ ಮೂಗಿಗೆ ಹೋಗದಂತೆ ಕಿಟಕಿ ತೆರೆದು ಕೂರಿ. ಅದರಲ್ಲಿ ಸೀಸ ಇರುವುದರಿಂದ ಊಟಕ್ಕೆ ಮೊದಲು ಕೈ ತೊಳೆಯಿರಿ. ಚಿಕ್ಕ ಮಕ್ಕಳ ಜೊತೆ ದೊಡ್ಡವರೊಬ್ಬರು ಇರಲೇಬೇಕು.

ನಾವು ಕೇಳುವುದು

ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಮನೆಬಳಕೆಯ ಯಂತ್ರ, ವಾಹನ ಈ ನಾಲ್ಕು ವಲಯ ಹೆಸರಿಸಿತು. ಅದೇ ವರ್ಷ ಡಿಸೆಂಬರಿನಲ್ಲಿ ಕಂಪನಿಗಳು ರಿಪೇರಿ ಮಾಹಿತಿ ಹಾಕುವ ಪೋರ್ಟಲ್ ಬಂತು. ಒಳ್ಳೆಯ ಶುರುವಾತು. ಆದರೆ ನಕ್ಷೆ ಮತ್ತು ಬಿಡಿಭಾಗ ಕೊಡಲೇಬೇಕು, ಇಲ್ಲವಾದರೆ ದಂಡ ಎನ್ನುವ ಗಟ್ಟಿ ಕಾನೂನು ಬೇಕು. ಅಮೆರಿಕದ ಕೊಲರಾಡೋ ರಾಜ್ಯ 2023ರಲ್ಲಿ ಕೃಷಿ ಯಂತ್ರಗಳ ವಿಷಯದಲ್ಲಿ ಅಂಥ ಕಾನೂನು ಮಾಡಿದೆ. ಹಿಂದೆ ಎಷ್ಟೋ ರೇಡಿಯೋಗಳ ಹಿಂಬದಿಯ ಮುಚ್ಚಳದ ಒಳಗೆ ಸರ್ಕ್ಯೂಟಿನ ನಕ್ಷೆಯನ್ನೇ ಅಂಟಿಸಿ ಕೊಡುತ್ತಿದ್ದರು. ಆಗ ಆಗುತ್ತಿದ್ದದ್ದು ಈಗ ಯಾಕೆ ಆಗಬಾರದು?

ಕಾನೂನು ಬರುವವರೆಗೆ ಕಾಯದೆ ನಾವೇ ಮಾಡಬಹುದಾದದ್ದೂ ಇದೆ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಅರಿವು ಕೇಂದ್ರಗಳಿವೆ. ಪುಸ್ತಕದ ಜೊತೆಗೆ ಅಲ್ಲಿ ಒಂದು ಟೂಲ್ ಪೆಟ್ಟಿಗೆಯೂ ಇರಲಿ. ಸೋಲ್ಡರಿಂಗ್ ಐರನ್, ಮಲ್ಟಿಮೀಟರ್, ಸ್ಕ್ರೂಡ್ರೈವರ್, ಒಂದಿಷ್ಟು ಬಿಡಿಭಾಗ. ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ ಸಾಮಾನು ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂರದೆ ಮಕ್ಕಳ ಮೇಜಿಗೆ ಬರಲಿ. ಐಟಿಐ ಓದುವ ಪ್ರತಿ ಹುಡುಗ, ಪ್ರತಿ ಹುಡುಗಿ ಒಂಬತ್ತು ವೋಲ್ಟಿನ ಒಂದಾದರೂ ವಸ್ತುವನ್ನು ತಾವೇ ಕಟ್ಟಿ, ಅದನ್ನು ಕೆಲಸ ಮಾಡಿಸಿ ತೋರಿಸಿದ ಮೇಲೆ ಸರ್ಟಿಫಿಕೇಟು ಸಿಗಲಿ. ಊರಿನಲ್ಲಿ ಇನ್ನೂ ಉಳಿದಿರುವ ಹಳೆಯ ರೇಡಿಯೋ ರಿಪೇರಿಯವರನ್ನು ಕರೆಸಿ, ಗೌರವಧನ ಕೊಟ್ಟು ಪಾಠ ಹೇಳಿಸಲಿ. ಅವರ ಬಳಿ ಡಿಗ್ರಿ ಇಲ್ಲದಿರಬಹುದು. ಆದರೆ ರೆಸಿಸ್ಟರಿನ ಮೇಲೆ ಕಿತ್ತಳೆ, ಕಿತ್ತಳೆ, ಕಿತ್ತಳೆ ಎಂದು ಮೂರು ಪಟ್ಟೆ ಕಂಡರೆ 33 ಸಾವಿರ ಓಮ್ ಎಂದು ಅವರು ನಿದ್ದೆಯಲ್ಲೂ ಹೇಳಬಲ್ಲರು. ಫಜ್ ಫೇಸಿನಲ್ಲಿರುವ ಒಂದು ರೆಸಿಸ್ಟರ್ ಇದೇ ಅಳತೆಯದು.

ಇದನ್ನು ಓದುತ್ತಿರುವ ನೀವು ಈ ಭಾನುವಾರ ಒಂದು ಕೆಲಸ ಮಾಡಿ. ಅಟ್ಟದ ಮೇಲೆ ಸೆಲ್ಲಿನಲ್ಲಿ ಓಡುವ ಒಂದು ಹಾಳು ರೇಡಿಯೋ ಇದ್ದರೆ ಕೆಳಗಿಳಿಸಿ, ಸೆಲ್ಲು ತೆಗೆದು, ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿ. ಮನೆಯ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವುದು ಟ್ರಾನ್ಸಿಸ್ಟರ್, ಯಾವುದು ಕೆಪಾಸಿಟರ್, ಯಾವ ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಗೊತ್ತಾಗದಿದ್ದರೆ ಫೋಟೋ ತೆಗೆದು ನಮಗೆ ಕಳುಹಿಸಿ. ಸೇರಿಕೊಂಡು ನೋಡೋಣ.